ಜಟ್ಟಿ ಕಾರಿಗೆ ಹೊಸ ಎಂಜಿನ್



ನಿಮ್ಮ ಮುಂದೆ ಎರಡು ಎಂಜಿನ್‌ಗಳಿವೆ ಎಂದುಕೊಳ್ಳಿ. ಒಂದು, ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1969ರ ಶೆವರ್ಲೆ ಕಮಾರೊ ಕಾರಿನಲ್ಲಿ ಕೂರಿಸುತ್ತಿದ್ದ ಎಂಜಿನ್. ಇನ್ನೊಂದು, ಅದೇ ಕಂಪನಿ 1997ರ ಮಾದರಿಯ ಕಾರ್ವೆಟ್ ಕಾರಿಗೆಂದು ತಯಾರಿಸಿದ ‘ಎಲ್.ಎಸ್. 1’. ಎರಡರಲ್ಲೂ ಎಂಟೆಂಟು ಸಿಲಿಂಡರುಗಳು, ನಾಲ್ಕು ನಾಲ್ಕರಂತೆ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕೂತಿವೆ. ಎರಡರ ಗಾತ್ರವೂ ಸುಮಾರು 5.7 ಲೀಟರ್. ಹಾಗಿದ್ದಮೇಲೆ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸುವುದರಲ್ಲಿ ಏನು ಕಷ್ಟ? ಬೋಲ್ಟು ಬಿಚ್ಚುವುದು, ಬೋಲ್ಟು ಬಿಗಿಯುವುದು, ಅಷ್ಟೇ ತಾನೆ?

ಅಷ್ಟೇ ಅಲ್ಲ. ಯಾಕೆ ಅಲ್ಲ ಎಂಬುದೇ ಇಂದಿನ ಮಾತು.

ಅಮೆರಿಕದವರು ಇಂಥ ಕಾರುಗಳನ್ನು ‘ಮಸಲ್ ಕಾರ್’ ಎನ್ನುತ್ತಾರೆ. ನಾವು ಜಟ್ಟಿ ಕಾರು ಎನ್ನೋಣ. ಈ ಕುಲದ ಕಥೆ ಶುರುವಾಗುವುದು 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಧ್ಯಮ ಗಾತ್ರದ ಕಾರಿಗೆ ಬಹಳ ದೊಡ್ಡ ಎಂಜಿನ್ ಹಾಕಬಾರದೆಂಬ ನಿಯಮ ಆಗ ಜನರಲ್ ಮೋಟರ್ಸ್ ಒಳಗೇ ಇತ್ತು. ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು ದೊಡ್ಡ ಕಾರಿನ 6.4 ಲೀಟರ್ ಎಂಜಿನ್ನನ್ನು ಮಧ್ಯಮ ಕಾರಿನಲ್ಲಿ ಕೂರಿಸಿದರು. ‘ಇದು ಹೊಸ ಕಾರಲ್ಲ, ಗಿರಾಕಿ ಬಯಸಿದರೆ ಮಾತ್ರ ಸೇರಿಸುವ ಹೆಚ್ಚುವರಿ ಸೌಲಭ್ಯ’ ಎಂದು ತೋರಿಸಿ ನಿಯಮದ ಸಂದಿನಲ್ಲಿ ನುಸುಳಿದರು. ಅಂದರೆ ಜಟ್ಟಿ ಕಾರು ಹುಟ್ಟಿದ್ದೇ ಎಂಜಿನ್ ಬದಲಾವಣೆಯಿಂದ!

ಅದರ ವೈಭವ ಹೆಚ್ಚು ಕಾಲ ಬಾಳಲಿಲ್ಲ. 1970ರಲ್ಲಿ ಅಮೆರಿಕ ತನ್ನ ಶುದ್ಧ ವಾಯು ಕಾಯ್ದೆಯನ್ನು ಬಿಗಿಗೊಳಿಸಿತು. ವಿಮೆಯ ಕಂತು ಏರಿತು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಗುಟುಕುಗುಟುಕಾಗಿ ಪೆಟ್ರೋಲ್ ಕುಡಿಯುವ ಕಾರು ಯಾರಿಗೂ ಬೇಡವಾಯಿತು. ಉಳಿದ ಕಾರುಗಳನ್ನು ಈಗ ಅಭಿಮಾನಿಗಳು ಮಕ್ಕಳಂತೆ ಸಾಕುತ್ತಾರೆ. ಅವರಲ್ಲಿ ಅನೇಕರು ಹೊರಮೈಯನ್ನು ಹಾಗೆಯೇ ಇಟ್ಟು, ಒಳಗೆ ಎಲ್.ಎಸ್. ವಂಶದ ಎಂಜಿನ್ ಕೂರಿಸುತ್ತಾರೆ. ಈ ವಂಶದ ಎಂಜಿನ್‌ಗಳು ಕಾರುಗಳಲ್ಲಷ್ಟೇ ಅಲ್ಲ, ಪಿಕಪ್ ಟ್ರಕ್ಕುಗಳಲ್ಲಿಯೂ ಅಪಾರ ಸಂಖ್ಯೆಯಲ್ಲಿ ಬಂದವು. ಹಾಗಾಗಿ ಗುಜರಿ ಅಂಗಳಗಳಲ್ಲಿ ಸುಲಭವಾಗಿ ಸಿಗುತ್ತವೆ.

ಈಗ ಎರಡು ಎಂಜಿನ್‌ಗಳನ್ನು ಹೋಲಿಸೋಣ. ಹಳೆಯ ಕಮಾರೊ ಎಂಜಿನ್‌ಗೆ 300 ಅಶ್ವಶಕ್ತಿ ಎಂದು ಕಂಪನಿ ಬರೆಯಿತು. ಎಲ್.ಎಸ್. 1ಕ್ಕೆ 345. ಅಂತರ ಬರೀ 45 ಎನ್ನಬೇಡಿ. ಅಳತೆಗೋಲು ಯಾವುದು ಎಂದು ಮೊದಲು ಕೇಳುವುದು ವಿಜ್ಞಾನ ವಿದ್ಯಾರ್ಥಿಯ ಲಕ್ಷಣ. ಹಿಂದೆ ಎಂಜಿನ್ನನ್ನು ಒಂಟಿಯಾಗಿ ಸ್ಟ್ಯಾಂಡಿನ ಮೇಲಿಟ್ಟು, ವಿದ್ಯುತ್ ಉತ್ಪಾದಕ, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಅಳೆಯುತ್ತಿದ್ದರು. ಅದು ಒಟ್ಟು ಶಕ್ತಿ. 1972ರಿಂದ ಎಲ್ಲ ಹೊರೆಗಳ ಸಮೇತ ಅಳೆಯತೊಡಗಿದರು. ಇದು ನಿವ್ವಳ ಶಕ್ತಿ. ಒಂದು ಒಟ್ಟು ಸಂಬಳ, ಇನ್ನೊಂದು ಕಡಿತವೆಲ್ಲ ಕಳೆದು ಕೈಗೆ ಬಂದ ಸಂಬಳ! ಆದ್ದರಿಂದ ನಿಜವಾದ ಅಂತರ 45ಕ್ಕಿಂತ ಬಹಳ ಹೆಚ್ಚು.

ಗಾತ್ರ ಒಂದೇ ಆದರೂ ಈ ಅಂತರ ಎಲ್ಲಿಂದ ಬಂತು? ಹಳೆಯ ಎಂಜಿನ್‌ನಲ್ಲಿ ಇಂಧನ ಬೆರೆಸುವುದು ಕಾರ್ಬುರೇಟರ್. ಕಿರಿದಾದ ಕಂಠದಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಒತ್ತಡ ಇಳಿದು ಪೆಟ್ರೋಲ್ ಮೇಲೇಳುತ್ತದೆ. ನೀವು ಓದಿದ ಬರ್ನೂಲಿ ತತ್ವವೇ ಇದು. ಸರಳ, ಆದರೆ ಲೆಕ್ಕದಲ್ಲಿ ಸಡಿಲ. ಹೊಸ ಎಂಜಿನ್‌ನಲ್ಲಿ ಗಣಕವೊಂದು ಕ್ರ್ಯಾಂಕ್ ದಂಡದ ಸ್ಥಾನ, ಒಳಬರುವ ಗಾಳಿ, ತಂಪುನೀರಿನ ಶಾಖ, ಹೊಗೆಯಲ್ಲಿ ಉಳಿದ ಆಮ್ಲಜನಕ ಇವನ್ನೆಲ್ಲ ಎಡೆಬಿಡದೆ ಗಮನಿಸುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕವನ್ನು ಹಿಡಿದು ಗಣಕವು ಪ್ರತಿ ಸಿಲಿಂಡರಿಗೂ ಇಂಧನ ಸಿಂಪಡಿಸುತ್ತದೆ. ಕಿಡಿ ಹಾರಿಸಲು ಎಂಟು ಸಿಲಿಂಡರಿಗೆ ಎಂಟು ಕಾಯಿಲ್‌ಗಳಿವೆ. ಸಿಲಿಂಡರಿನ ಮೇಲ್ಭಾಗದಲ್ಲಿ ಗಾಳಿಯ ದಾರಿಯೂ ಸುಧಾರಿಸಿದೆ. ಜೊತೆಗೆ ಹಳೆಯದರ ಒಡಲು ಎರಕದ ಕಬ್ಬಿಣ, ಎಲ್.ಎಸ್. 1ರ ಒಡಲು ಅಲ್ಯುಮಿನಿಯಮ್. ಕಾರಿನ ಮೂತಿಯ ಭಾರವೂ ಇಳಿಯಿತು.

ಇಷ್ಟೆಲ್ಲ ಗುಣವಿರುವ ಎಂಜಿನ್ನನ್ನು ಹಳೆಯ ಒಡಲಿಗೆ ಇಳಿಸಿ ನೋಡಿ. ಅದು ಕೂರುವುದೇ ಇಲ್ಲ! ಎಂಜಿನ್ ಕೂರುವ ಆಧಾರಗಳ ತೂತುಗಳು ಹೊಂದುವುದಿಲ್ಲ, ನಡುವೆ ಉಕ್ಕಿನ ತಗಡು ಬೇಕು. ತಳದ ಎಣ್ಣೆ ತೊಟ್ಟಿ ಕಾರಿನ ಅಡ್ಡತೊಲೆಗೋ ಸ್ಟಿಯರಿಂಗ್ ಸರಳಿಗೋ ತಾಗುತ್ತದೆ, ಬೇರೆ ಆಕಾರದ ತೊಟ್ಟಿ ಬೇಕು.

ಪೆಟ್ರೋಲಿನ ವಿಷಯ ಇನ್ನೂ ಗಂಭೀರ. ಕಾರ್ಬುರೇಟರ್‌ಗೆ ಇಂಧನ ಬರುವುದು ವಾಯುಮಂಡಲದ ಒತ್ತಡದ ಅರ್ಧಕ್ಕಿಂತ ಕಡಿಮೆ ಒತ್ತಡದಲ್ಲಿ. ಎಲ್.ಎಸ್. 1ಕ್ಕೆ ಬೇಕಾದದ್ದು ವಾಯುಮಂಡಲದ ಸುಮಾರು ನಾಲ್ಕು ಪಟ್ಟು. ಹತ್ತು ಪಟ್ಟು ಬಿಗಿಯಾದ ಪೆಟ್ರೋಲನ್ನು ಮುಪ್ಪಾದ ರಬ್ಬರ್ ಕೊಳವೆಗೆ ಬಿಟ್ಟರೆ ಏನಾದೀತು? ಕೊಳವೆ ಸೀಳಿ, ಕಾದ ಎಂಜಿನ್ ಮೇಲೆ ಇಂಧನ ಚಿಮ್ಮೀತು. ಆದ್ದರಿಂದ ಕೊಳವೆ, ಪಂಪು, ಎಷ್ಟೋ ಸಲ ಟ್ಯಾಂಕು ಕೂಡ ಬದಲಾಗಬೇಕು. ಮುಂದೆ ಗೇರ್‌ಪೆಟ್ಟಿಗೆ, ಚಾಲನದಂಡ, ಹಿಂದಿನ ಅಚ್ಚು ಎಲ್ಲವೂ ಹೊಸ ತಿರುಚುಬಲವನ್ನು ತಾಳಬೇಕು. ಸರಪಣಿಯ ಒಂದು ಕೊಂಡಿಯನ್ನು ಗಟ್ಟಿ ಮಾಡಿದರೆ ಸರಪಣಿ ಗಟ್ಟಿಯಾಗುವುದಿಲ್ಲ, ಅದು ತುಂಡಾಗುವ ಜಾಗ ಬದಲಾಗುತ್ತದೆ, ಅಷ್ಟೇ.

ಕೊನೆಯ ಕೊಂಡಿ ಬ್ರೇಕು. ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಮಲೆನಾಡಿನ ನಮ್ಮ ಮನೆಯಲ್ಲಿ ಹಳೆಯ ಪೆಟ್ರೋಲ್ ಜೀಪೊಂದಿತ್ತು. ಡೀಸೆಲ್ ಅಗ್ಗವೆಂದು ಚಿಕ್ಕಪ್ಪ ಅದಕ್ಕೆ ಡೀಸೆಲ್ ಎಂಜಿನ್ ಹಾಕಿಸಿದರು. ಏರು ಹತ್ತುವಾಗ ಅದರ ಬಲ ಕಂಡು ಮನೆಮಂದಿಯೆಲ್ಲ ಹಿಗ್ಗಿದೆವು. ಎಂಜಿನ್ ಭಾರಕ್ಕೆ ಮೂತಿ ಕೆಳಗಿಳಿದದ್ದನ್ನು ಕಂಡೂ ಕಾಣದಂತಿದ್ದೆವು. ಒಂದು ಸಂಜೆ ಅಡಿಕೆ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಚಿಕ್ಕಪ್ಪ ಬ್ರೇಕು ತುಳಿದರು, ಜೀಪು ನಿಲ್ಲಲಿಲ್ಲ. ಎಡಕ್ಕೆ ಕಮರಿ, ಬಲಕ್ಕೆ ದರೆ. ಅವರು ದರೆಗೆ ತಿರುಗಿಸಿದರು. ನನ್ನ ಮುಂಗೈ ಮೂಳೆ ಮುರಿಯಿತು, ಪ್ರಾಣ ಉಳಿಯಿತು. ಆಸ್ಪತ್ರೆಯಲ್ಲಿ ಚಿಕ್ಕಪ್ಪ ಅಂದದ್ದು ಒಂದೇ ಮಾತು: “ಓಡೋದಕ್ಕೆ ದುಡ್ಡು ಹಾಕಿದೆ ಕಣೋ, ನಿಲ್ಲೋದಕ್ಕೆ ಹಾಕಲಿಲ್ಲ.”

ಲೆಕ್ಕ ನಿಮಗೆ ಗೊತ್ತಿರುವುದೇ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 60 ಕಿಲೋಮೀಟರಿನಿಂದ 120ಕ್ಕೆ ಏರಿದರೆ ಬ್ರೇಕು ಶಾಖವಾಗಿ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. 1969ರ ಕಮಾರೊದ ಸಾಧಾರಣ ಮಾದರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಡ್ರಮ್ ಕಾದಷ್ಟೂ ಹಿಗ್ಗಿ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ, ಘರ್ಷಣೆಯೂ ಕುಗ್ಗುತ್ತದೆ. ಅದಕ್ಕೇ ತಿಳಿದವರು ಮೊದಲು ಡಿಸ್ಕ್ ಬ್ರೇಕು ಹಾಕುತ್ತಾರೆ, ಆಮೇಲೆ ಎಂಜಿನ್ನಿಗೆ ಕೈ ಹಚ್ಚುತ್ತಾರೆ.

ಇನ್ನೊಂದು ಪಕ್ಷವೂ ಇದೆ. ಹಳೆಯ ಕಾರು ಒಂದು ಕಾಲದ ದಾಖಲೆ, ಅದರ ಎಂಜಿನ್ ಮೇಲೆ ಕೆತ್ತಿದ ಸಂಖ್ಯೆ ಒಂದು ಶಾಸನವಿದ್ದಂತೆ, ಅದನ್ನು ಅಳಿಸಬಾರದು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಮೂಲ ಎಂಜಿನ್ ಇರುವ ಕಾರನ್ನು ಹಾಗೆಯೇ ಬಿಡುವುದು ಲೇಸು. ಎಂಜಿನ್ ಎಂದೋ ಕಳೆದುಹೋದ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಕಾರಿಗೆ ಹೊಸ ಎಂಜಿನ್ ಮರುಜನ್ಮ ಕೊಡುತ್ತದೆ.

ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಕೈ ತುರಿಸುತ್ತಿರಬಹುದು. ನೆನಪಿಡಿ, ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಇಂಥ ಮಾರ್ಪಾಡುಗಳಿಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆಯೂ ಇರುವುದು ಸುಮ್ಮನೆ ಅಲ್ಲ.

ಆದರೆ ಈ ಪಾಠಕ್ಕೆ ಕಾರೇ ಬೇಕೆಂದಿಲ್ಲ. ನಾಳೆ ನೀವು ಪಂಪಿಗೆ ದೊಡ್ಡ ಮೋಟಾರು ಹಾಕಬಹುದು, ಹಳೆಯ ಮನೆಯ ತಂತಿಗೆ ಹೊಸ ಯಂತ್ರ ಜೋಡಿಸಬಹುದು. ಆಗ ಇದರ ಬಲ ಎಷ್ಟು ಎಂದು ಕೇಳುವ ಮೊದಲು, ಈ ಬಲವನ್ನು ಹೊರುವವರು ಯಾರು, ತಡೆಯುವವರು ಯಾರು ಎಂದು ಕೇಳಿ. ಇಂದು ಸಂಜೆ ನಿಮ್ಮ ಸೈಕಲ್ಲಿನ ಬ್ರೇಕನ್ನು ಒಮ್ಮೆ ಒತ್ತಿ ನೋಡಿ. ಅಲ್ಲಿಂದಲೇ ಶುರುವಾಗಲಿ.