ಕೀಲಿಗೊಂಚಲಿನ ಬಿಲ್ಲೆ



ಹಿಂದೆ ಬ್ಯಾಂಕಿನಲ್ಲಿ ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಒಂದು ಬಿಲ್ಲೆ ಕೊಡುತ್ತಿದ್ದೆವು. ನಿಮ್ಮಲ್ಲಿ ಹಿರಿಯರಿಗೆ ಅದು ನೆನಪಿರಬೇಕು. ಚೆಕ್ಕು ಒಳಗೆ ಹೋಗುತ್ತಿತ್ತು, ಬಿಲ್ಲೆ ನಿಮ್ಮ ಕೈಯಲ್ಲಿ ಉಳಿಯುತ್ತಿತ್ತು. ನಂಬರು ಕೂಗಿದಾಗ ಬಿಲ್ಲೆ ಕೊಟ್ಟು ಹಣ ಪಡೆಯುವುದು. ಇಂದು ನಾನು ಹೇಳಹೊರಟಿರುವುದು ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇನ್ನೊಂದು ಬಿಲ್ಲೆಯ ವಿಷಯ. ಅಂಗಡಿಯಲ್ಲಿ ಇದಕ್ಕೆ ಟ್ಯಾಗ್ ಎನ್ನುತ್ತಾರೆ. ಕೀಲಿಗೊಂಚಲಿಗೋ ಚೀಲಕ್ಕೋ ಸಿಕ್ಕಿಸಿಟ್ಟರೆ, ಆ ವಸ್ತು ಕಳೆದಾಗ ಎಲ್ಲಿದೆ ಎಂದು ನಮ್ಮ ಮೊಬೈಲಿನಲ್ಲಿ ತೋರಿಸುತ್ತದೆ. ಆ್ಯಪಲ್ ಕಂಪನಿಯ ಏರ್‌ಟ್ಯಾಗ್ ಬಂದದ್ದು 2021ರ ಏಪ್ರಿಲ್‌ನಲ್ಲಿ, ಅದರ ತೂಕ 11 ಗ್ರಾಂ. ಸ್ಯಾಮ್‌ಸಂಗ್‌ನದು ಅದೇ ವರ್ಷದ ಆರಂಭದಲ್ಲಿ ಬಂದಿತ್ತು. ನಮ್ಮ ದೇಶದ ಜಿಯೋದವರು 2023ರಲ್ಲಿ ತಂದರು.

ಇದು ಕೆಲಸ ಮಾಡುವುದು ಬ್ಲೂಟೂತ್ ಎಂಬ ಸಣ್ಣ ರೇಡಿಯೋ ಅಲೆಯ ಮೇಲೆ. ಬ್ಲೂಟೂತ್ ಎಂದರೆ ನೀಲಿ ಹಲ್ಲು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ರಾಜನ ಅಡ್ಡಹೆಸರು ಅದು. ರಾಜನ ಹಲ್ಲು ನಮ್ಮ ಕೀಲಿಗೆ ಹೇಗೆ ಬಂತೆಂದು ಕೇಳಬೇಡಿ, ಹೆಸರಿಡುವವರ ಮರ್ಜಿ. ಮನೆಯೊಳಗೆ ಕಪಾಟಿನ ಕೀಲಿ ಕಾಣದಿದ್ದರೆ ಮೊಬೈಲಿನಲ್ಲಿ ಗುಂಡಿ ಒತ್ತಬೇಕು, ಹಾಸಿಗೆ ಸುರುಳಿಯೊಳಗಿಂದ ಬಿಲ್ಲೆ ಪೀಂ ಎನ್ನುತ್ತದೆ. ಚಷ್ಮಾ ಎಲ್ಲಿಟ್ಟೆ, ಪಾಸ್‌ಬುಕ್ಕಿನ ಚೀಲ ಎಲ್ಲಿಟ್ಟೆ ಎಂದು ದಿನಕ್ಕೆ ನಾಲ್ಕು ಸಲ ಮನೆ ತಿರುಗುವ ನಮ್ಮಂಥ ವಯಸ್ಸಿನವರಿಗೆ ಇಷ್ಟೇ ದೊಡ್ಡ ಉಪಕಾರ.

ದೂರದಲ್ಲಿ ಕಳೆದರೆ? ಇಲ್ಲಿಯೇ ಬಹಳ ಜನ ತಪ್ಪು ತಿಳಿಯುತ್ತಾರೆ. ಬಿಲ್ಲೆಗೆ ಉಪಗ್ರಹದ ಸಂಪರ್ಕವಿಲ್ಲ, ಸಿಮ್ ಕಾರ್ಡೂ ಇಲ್ಲ. ತಾನು ಎಲ್ಲಿದ್ದೇನೆಂದು ಅದಕ್ಕೇ ತಿಳಿಯದು. ಅದು ಸುಮ್ಮನೆ ಆಗಾಗ ಒಂದು ಗುಪ್ತ ಸಂಖ್ಯೆಯನ್ನು ಕೂಗುತ್ತಿರುತ್ತದೆ. ಪಕ್ಕದಲ್ಲಿ ಹಾದುಹೋಗುವ ಯಾರದೋ ಮೊಬೈಲು ಆ ಕೂಗನ್ನು ಕೇಳಿ, ತಾನಿರುವ ಸ್ಥಳವನ್ನು ಅದಕ್ಕೆ ಸೇರಿಸಿ, ಮೊಹರು ಹಾಕಿದ ಲಕೋಟೆಯಂತೆ ಇಂಟರ್‌ನೆಟ್ಟಿಗೆ ಕಳಿಸುತ್ತದೆ. ಲಕೋಟೆ ಒಡೆಯುವುದು ಬಿಲ್ಲೆಯ ಒಡೆಯನ ಮೊಬೈಲಿಗೆ ಮಾತ್ರ ಸಾಧ್ಯ. ಟಪಾಲಿನವನು ಕಾಗದ ತಲುಪಿಸಿದರೂ ಒಳಗಿನ ಸುದ್ದಿ ಓದುವುದಿಲ್ಲವಲ್ಲ, ಹಾಗೆಯೇ ಆ ದಾರಿಹೋಕನಿಗೆ ಏನೂ ಗೊತ್ತಾಗದು. ಕೂಗುವ ಸಂಖ್ಯೆಯೂ ಆಗಾಗ ಬದಲಾಗುತ್ತದೆ. ಈ ಏರ್ಪಾಡನ್ನು ನಾನು ಮೆಚ್ಚುತ್ತೇನೆ.

ನಮ್ಮೂರ ರೈತರೊಬ್ಬರು ಕೇಳಿದರು, “ಸಾಹೇಬ್ರ, ನಮ್ಮ ಎಮ್ಮಿ ಕೊಳ್ಳಿಗೆ ಒಂದು ಕಟ್ಟಿದರ ಹ್ಯಾಂಗ?” ಎಮ್ಮೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಕಳೆದರೆ ಸಿಕ್ಕೀತು, ಹಳ್ಳದ ದಂಡೆಯಲ್ಲಿ ಕಳೆದರೆ ಕಷ್ಟ ಎಂದೆ. ಅಲ್ಲಿ ಯಾರ ಮೊಬೈಲು ಹಾದುಹೋಗಬೇಕು? ಹೋದರೂ ಅದು ಆ ಬಿಲ್ಲೆಯ ಜಾತಿಗೆ ಹೊಂದುವ ಮೊಬೈಲೇ ಆಗಿರಬೇಕು. ಏರ್‌ಟ್ಯಾಗಿನ ಕೂಗನ್ನು ಒಯ್ಯುವುದು ಆ್ಯಪಲ್ ಕಂಪನಿಯ ಸಾಧನಗಳು. ನಮ್ಮ ಹಳ್ಳಿಗಳಲ್ಲಿರುವುದು ಹೆಚ್ಚಾಗಿ ಆ್ಯಂಡ್ರಾಯ್ಡ್. ಅವುಗಳಿಗಾಗಿ ಗೂಗಲ್ ತನ್ನ ಜಾಲವನ್ನು 2024ರ ಏಪ್ರಿಲ್‌ನಲ್ಲಿ ಆರಂಭಿಸಿತು. ಅದರಲ್ಲೂ ಕಂಪನಿಯೇ ಇಟ್ಟುಕೊಟ್ಟ ಪದ್ಧತಿಯಂತೆ ಹಲವು ಮೊಬೈಲುಗಳು ಒಂದೇ ಬಿಲ್ಲೆಯನ್ನು ಕಂಡರೆ ಮಾತ್ರ ಸ್ಥಳ ತಿಳಿಸುತ್ತದೆ, ಒಬ್ಬನೇ ಹೋದ ದಾರಿಯ ಸುದ್ದಿ ಹೊರಗೆ ಬೀಳದಿರಲಿ ಎಂದು. ಅಂಗಡಿಯವನು ಇದನ್ನೆಲ್ಲ ಹೇಳುವುದಿಲ್ಲ. ಪುಣೆಗೆ ಹೋಗುವ ಬಸ್ಸಿನ ಡಿಕ್ಕಿಯಲ್ಲಿಟ್ಟ ಚೀಲಕ್ಕೆ, ಲಗ್ನದ ಗಡಿಬಿಡಿಯಲ್ಲಿ ಅತ್ತಿತ್ತ ಆಗುವ ಟ್ರಂಕಿಗೆ ಇದು ಸರಿ. ಅಡವಿಗೆ ಮೇಯಲು ಬಿಟ್ಟ ದನಕ್ಕೆ ಇದನ್ನು ನಂಬಬೇಡಿ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನನಗೆ ಪರಿಚಯದ ಒಂದು ಮನೆ. ಊರು, ಹೆಸರು ಬೇಡ. ಸೊಸೆ ದಿನಾಲೂ ಬಸ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗಿಬರುತ್ತಾಳೆ. ಒಂದು ದಿನ ತನ್ನ ಚೀಲ ಒಗೆಯುವಾಗ ಒಳ ಅಸ್ತರಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಬಿಚ್ಚಿ ನೋಡಿದರೆ ಬಿಲ್ಲೆ. ಗಂಡನೇ ಇಟ್ಟು ಹೊಲಿದಿದ್ದ. ಮನೆಯಲ್ಲಿ ಮಾತು ಬೆಳೆದು, ಹಿರಿಯರೆಂದು ನನ್ನನ್ನೂ ಕರೆದರು. “ಕಾಕಾ, ಕಾಳಜಿಗಂತ ಇಟ್ಟೀನಿ, ಹಾದಿ ಛಲೋ ಇಲ್ಲ” ಎಂದ ಹುಡುಗ. ಸೊಸೆ ಒಂದೇ ಮಾತು ಕೇಳಿದಳು, “ಕಾಳಜಿ ಇದ್ದರ ನನ್ನ ಕೈಯಾಗ ಕೊಡಬೇಕಿತ್ತು. ಅಸ್ತರಿನಾಗ ಯಾಕ ಹೊಲದ್ರಿ?” ಅಲ್ಲಿ ಕುಳಿತವರಲ್ಲಿ ಯಾರಿಗೂ ಉತ್ತರ ಇರಲಿಲ್ಲ. ನಾನು ಹುಡುಗನಿಗೆ ಬ್ಯಾಂಕಿನ ಲಾಕರಿನ ಸಂಗತಿ ಹೇಳಿದೆ. ಅದಕ್ಕೆ ಎರಡು ಕೀಲಿ. ಬ್ಯಾಂಕಿನ ಕೀಲಿಯೊಂದರಿಂದಲೇ ಅದು ತೆರೆಯುವುದಿಲ್ಲ, ಗಿರಾಕಿಯ ಕೀಲಿಯೂ ಬೇಕು. ಕಟ್ಟಡ ನಮ್ಮದು, ಕಪಾಟು ನಮ್ಮದು, ಕಾವಲು ನಮ್ಮದು, ಆದರೂ ಒಳಗೆ ಏನಿದೆಯೆಂದು ನೋಡುವ ಹಕ್ಕು ನಮಗಿಲ್ಲ. ಹುಡುಗ ತಲೆ ತಗ್ಗಿಸಿದ. ಆ ಬಿಲ್ಲೆ ಈಗ ಅವನ ಮೋಟಾರ್ ಸೈಕಲ್ಲಿನ ಕೀಲಿಗಿದೆ.

ಕಂಪನಿಗಳು ಈ ದುರುಪಯೋಗಕ್ಕೆ ತಡೆ ಹಾಕಿಲ್ಲವೆಂದಲ್ಲ. ಒಡೆಯನಿಂದ ದೂರವಾದ ಏರ್‌ಟ್ಯಾಗ್ 8ರಿಂದ 24 ಗಂಟೆಯೊಳಗೆ, ಅಲುಗಾಡಿದಾಗ ತಾನೇ ಸದ್ದು ಮಾಡುತ್ತದೆ. ಮೊದಲು ಈ ಅವಧಿ ಮೂರು ದಿನ ಇತ್ತು. ದೂರು ಬಂದ ಮೇಲೆ 2021ರ ಜೂನ್‌ನಲ್ಲಿ ಇಳಿಸಿದರು. ಪರರ ಬಿಲ್ಲೆ ನಿಮ್ಮ ಬೆನ್ನಹಿಂದೆ ಬರುತ್ತಿದೆ ಎಂಬ ಎಚ್ಚರಿಕೆಯನ್ನು ಎರಡೂ ಬಗೆಯ ಮೊಬೈಲುಗಳಿಗೆ ಕೊಡಲು ಆ್ಯಪಲ್ ಮತ್ತು ಗೂಗಲ್ ಕೂಡಿ 2024ರ ಮೇ ತಿಂಗಳಲ್ಲಿ ಏರ್ಪಾಡು ಮಾಡಿದವು. ಆ್ಯಂಡ್ರಾಯ್ಡ್ 6 ಮತ್ತು ಅದರ ನಂತರದ ಮೊಬೈಲುಗಳಿಗೆ ಇದು ಬರುತ್ತದೆ. ಆದರೆ ಗಂಡನೇ ಇಟ್ಟವನಾದರೆ, ಸಂಜೆ ಚೀಲ ಮನೆಗೆ ಬಂದೊಡನೆ ಬಿಲ್ಲೆ ಒಡೆಯನ ಬಳಿಯೇ ಬಂದಂತಾಯಿತು. ಅದು ಕೂಗುವುದು ಯಾವಾಗ? ಎಚ್ಚರಿಕೆ ಬರಬೇಕಾದರೆ ಹೆಣ್ಣುಮಗಳ ಕೈಯಲ್ಲಿ ಅಂಥ ಮೊಬೈಲು ಇರಬೇಕು. ಗುಂಡಿ ಒತ್ತುವ ಹಳೆಯ ಮೊಬೈಲಿನವರಿಗೆ, ಮೊಬೈಲೇ ಇಲ್ಲದವರಿಗೆ ಏನೂ ಬಾರದು. ನಮ್ಮ ಮನೆಗಳಲ್ಲಿ ಒಳ್ಳೆಯ ಮೊಬೈಲು ಮೊದಲು ಯಾರ ಕೈಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಖಾಸಗಿತನ ಪಟ್ಟಣದವರ ಷೋಕಿ ಎಂದು ಕೆಲವರು ನಗುತ್ತಾರೆ. ಅದು ಸಂವಿಧಾನದ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ದಾವೆ ಹೂಡಿದವರು ನಮ್ಮ ನುಡಿಯವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ದಾವೆ ಹೂಡಿದಾಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಹೆಣ್ಣುಮಕ್ಕಳನ್ನು ಬೆನ್ನಟ್ಟುವುದರ ವಿರುದ್ಧ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 78ನೆಯ ಕಲಮು ಇದೆ. ಮೊದಲ ಸಲದ ಅಪರಾಧಕ್ಕೇ ಮೂರು ವರ್ಷದವರೆಗೆ ಸಜೆ.

ಹಾಗಾದರೆ ಗೊತ್ತಿಲ್ಲದ ಬಿಲ್ಲೆ ಸಿಕ್ಕರೆ ಏನು ಮಾಡಬೇಕು? ಸಿಟ್ಟಿನಲ್ಲಿ ಬಾವಿಗೆ ಎಸೆಯಬೇಡಿ. ಮೊದಲು ಫೋಟೋ ತೆಗೆಯಿರಿ. ಏರ್‌ಟ್ಯಾಗಾದರೆ ಅದರ ಬಿಳಿಯ ಮೈಯನ್ನು ಹೊಸ ಬಗೆಯ ಮೊಬೈಲಿಗೆ ತಾಗಿಸಿದಾಗ ಒಂದು ಪುಟ ತೆರೆದು ಅದರ ನಂಬರು ತೋರಿಸುತ್ತದೆ. ಬರೆದಿಟ್ಟುಕೊಳ್ಳಿ. ಆ ನಂಬರಿನಿಂದ ಪೊಲೀಸರು ಕಂಪನಿಯನ್ನು ಕೇಳಬಹುದು. ಆಮೇಲೆ ಹಿಂಬದಿಯ ಉಕ್ಕಿನ ಮುಚ್ಚಳ ಒತ್ತಿ ಎಡಕ್ಕೆ ತಿರುಗಿಸಿ ಬ್ಯಾಟರಿ ತೆಗೆದರೆ ಬಿಲ್ಲೆ ಸುಮ್ಮನಾಗುತ್ತದೆ. ಇಟ್ಟವನು ಅಪಾಯದ ಮನುಷ್ಯನೆಂಬ ಅಂಜಿಕೆ ಇದ್ದರೆ ಬ್ಯಾಟರಿಗೆ ಕೈ ಹಚ್ಚುವ ಮೊದಲೇ ನಂಬಿಕೆಯವರನ್ನು ಕೂಡಿಕೊಂಡು ಠಾಣೆಗೆ ಹೋಗಿ, ಏಕೆಂದರೆ ಬಿಲ್ಲೆ ಸುಮ್ಮನಾದದ್ದು ಅವನಿಗೂ ತಿಳಿದೀತು.

ತೆಗೆದ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ರೂಪಾಯಿ ನಾಣ್ಯದಂತಿರುವ ಈ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂಡದೆ ತಕ್ಷಣ ದವಾಖಾನೆಗೆ ಒಯ್ಯಬೇಕು. ಈ ಬ್ಯಾಟರಿ ಸುಮಾರು ಒಂದು ವರ್ಷ ಬರುತ್ತದೆ, ಆಮೇಲೆ ಬದಲಿಸಬೇಕು.

ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆಗೆ ಮಕ್ಕಳನ್ನು ಕರೆದೊಯ್ಯುವವರು ಅವರ ಅಂಗಿಗೆ ಬಿಲ್ಲೆ ಸಿಕ್ಕಿಸುವುದಾದರೆ ಸಿಕ್ಕಿಸಿ, ಮಗುವಿಗೂ ಅದೇನೆಂದು ಹೇಳಿ. ಆದರೆ ಆ್ಯಪಲ್ ಕಂಪನಿಯೇ ಇದು ವಸ್ತುಗಳಿಗೆಂದು ಮಾಡಿದ್ದು, ಮನುಷ್ಯರಿಗಲ್ಲ ಎನ್ನುತ್ತದೆ. ಆ ಗದ್ದಲದಲ್ಲಿ ದಾರಿಹೋಕರ ಮೊಬೈಲಿಗೆ ಇಂಟರ್‌ನೆಟ್ ಸಿಗದಿದ್ದರೆ ನಮ್ಮ ಲಕೋಟೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಕಿಸೆಯಲ್ಲಿ ಒಂದು ಚೀಟಿಯೂ ಇರಲಿ. ಅದರಲ್ಲಿ ತಂದೆಯ ಹೆಸರು, ಊರು, ಫೋನ್ ನಂಬರನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯಿರಿ. ಮಗುವನ್ನು ಎತ್ತಿಕೊಳ್ಳುವವರು ಯಾವ ಭಾಷೆಯವರಾಗಿರುತ್ತಾರೋ ಮೊದಲೇ ಹೇಳಬರುವುದಿಲ್ಲ.