ಹೊಸ ಕರೆಂಟು ಮತ್ತು ನಮ್ಮ ನಾಲ್ಕು ತಾಲೂಕು
(ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಮಾಡಿದ ಭಾಷಣ)



ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ವಿಜ್ಞಾನದ ಒಂದು ವಿಷಯ ಮಾತಾಡು ಎಂದು ಗುರುಗಳು ಅಪ್ಪಣೆ ಕೊಟ್ಟರು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ವೈದ್ಯನಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ನಮ್ಮಂಥವರಿಗೆ ಬರುವ ಫೋನುಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತದೆ: “ಕ್ಯಾನ್ಸರಿಗೆ ಹೊಸಾ ಕರೆಂಟ್ ಬಂದೈತಂತಲ್ಲ, ಹೊಲಾ ಮಾರಿಯಾದ್ರೂ ಕೊಡಸೋಣೇನು?” ಹೊಲ ಮಾರುವ ಮಾತು ಬಂದಾಗ ವಿಷಯ ಸರಿಯಾಗಿ ತಿಳಿದಿರಬೇಕು. ಅದಕ್ಕೇ ಇದನ್ನು ಆರಿಸಿಕೊಂಡೆ.

ನಾವು ‘ಕರೆಂಟ್’ ಎನ್ನುವುದು ನಿಜವಾಗಿ ವಿಕಿರಣ. ಸಾಮಾನ್ಯ ಯಂತ್ರದಲ್ಲಿ ಶಕ್ತಿಶಾಲಿ ಎಕ್ಸ್‌ರೇ ಬಳಸುತ್ತಾರೆ. ವಿಜಯಪುರದಿಂದ ಸಿಂದಗಿ ಮೇಲೆ ಹಾದು ಕಲಬುರಗಿಗೆ ಹೋಗುವ ಬಸ್ಸನ್ನು ನೆನೆಯಿರಿ. ದಾರಿಯುದ್ದಕ್ಕೂ ಜನರನ್ನು ಇಳಿಸುತ್ತ ಹೋಗುತ್ತದೆ, ಸಿಂದಗಿ ದಾಟಿದ ಮೇಲೂ ಇಳಿಸುತ್ತದೆ. ಎಕ್ಸ್‌ರೇ ಹೀಗೆಯೇ: ಗಡ್ಡೆಯ ಹಿಂದೆ ಮುಂದೆ ಇರುವ ಒಳ್ಳೆಯ ಭಾಗಕ್ಕೂ ಪೆಟ್ಟು ಬೀಳುತ್ತದೆ. ಪ್ರೋಟಾನ್ ಬೇರೆ ಬಸ್ಸು. ದಾರಿಯಲ್ಲಿ ಸ್ವಲ್ಪ ಜನರನ್ನು ಇಳಿಸಿ, ಸಿಂದಗಿಯಲ್ಲಿ ಹೆಚ್ಚಿನವರನ್ನು ಇಳಿಸಿ, ಅಲ್ಲಿಯೇ ನಿಂತುಬಿಡುತ್ತದೆ. ವಿಜ್ಞಾನಿಗಳು ಇದನ್ನು ಬ್ರ್ಯಾಗ್ ಶಿಖರ ಎನ್ನುತ್ತಾರೆ.

ಒಂಬತ್ತನೇ ತರಗತಿಯಲ್ಲಿ ಓದುವ ಅದೇ ಪ್ರೋಟಾನ್ ಇದು. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು, ಉಳಿದದ್ದನ್ನು ಸೈಕ್ಲೋಟ್ರಾನ್ ಯಂತ್ರದಲ್ಲಿ ತಿರುಗಿಸಿ, ಬೆಳಕಿನ ವೇಗದ ಸುಮಾರು ಶೇ. 60ಕ್ಕೆ ಮುಟ್ಟಿಸಿದರೆ ದೇಹದೊಳಗೆ 30 ಸೆಂಟಿಮೀಟರಿಗೂ ಆಳಕ್ಕೆ ಹೋಗಬಲ್ಲದು. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಬರೆದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. 1954ರಲ್ಲಿ ಬರ್ಕಲಿಯಲ್ಲಿ ಮೊದಲ ರೋಗಿಗೆ ಕೊಟ್ಟರು.

ಆಗ ಗುರಿಯಿಟ್ಟದ್ದು ಗಡ್ಡೆಗೇ ಅಲ್ಲ. ಸ್ತನ ಕ್ಯಾನ್ಸರ್ ಹರಡಿದ್ದವರಲ್ಲಿ ಹಾರ್ಮೋನು ತಡೆಯಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಕೊಟ್ಟರು. ಮುಂದೆ ಮೆದುಳಿನ ರಕ್ತನಾಳಗಳ ಗಂಟು, ಕಣ್ಣಿನೊಳಗಿನ ಗಡ್ಡೆ, ಬೆನ್ನುಹುರಿಯ ಪಕ್ಕದ ಗಡ್ಡೆಗಳಿಗೂ ಬಂತು. ಬೆಳೆಯುವ ಮಕ್ಕಳಿಗೆ ಇದರ ಲಾಭ ಹೆಚ್ಚು. ಈಗ ಹೃದಯದ ಸರದಿ. ಅಪಾಯಕಾರಿಯಾಗಿ ತಾಳ ತಪ್ಪುವ ಹೃದಯಕ್ಕೆ ಹೊರಗಿನಿಂದಲೇ ಎಕ್ಸ್‌ರೇ ವಿಕಿರಣ ಕೊಟ್ಟು ಬಡಿತ ಹಿಡಿತಕ್ಕೆ ತಂದದ್ದನ್ನು 2017ರಲ್ಲಿ ಅಮೆರಿಕದ ವೈದ್ಯರು ಐದು ರೋಗಿಗಳಲ್ಲಿ ವರದಿ ಮಾಡಿದರು. ಬಳಿಕ ಇಟಲಿಯ ಪಾವಿಯಾದಲ್ಲಿ ಅದೇ ಕೆಲಸವನ್ನು ಪ್ರೋಟಾನಿನಿಂದ ಮಾಡಿದರು. ಜಪಾನಿನಲ್ಲಿ 1994ರಿಂದ ಕಾರ್ಬನ್ ಕಣಗಳನ್ನೂ ಬಳಸುತ್ತಿದ್ದಾರೆ.

ಹಾಗಾದರೆ ಎಲ್ಲರಿಗೂ ಇದೇ ಬೇಕೇ? ಇಲ್ಲ. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 450 ಮಂದಿಯನ್ನು ಎರಡು ಗುಂಪು ಮಾಡಿ ಹೋಲಿಸಿದರು. 2024ರಲ್ಲಿ ಬಂದ ಫಲಿತಾಂಶದಲ್ಲಿ ಪ್ರೋಟಾನಿಗೂ ಒಳ್ಳೆಯ ಎಕ್ಸ್‌ರೇ ಚಿಕಿತ್ಸೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೈತುಂಬ ಹರಡಿದ ರೋಗವನ್ನು ಯಾವ ಕಿರಣವೂ ಗುಡಿಸಿ ಹಾಕಲಾರದು. ಹೃದಯದ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಯಾವ ರೋಗಕ್ಕೆ ಎಷ್ಟು ಲಾಭ ಎಂದು ಒಂದೊಂದಾಗಿ ಸಾಬೀತಾಗಬೇಕು.

ದೂರ, ಖರ್ಚು ಎರಡೂ ಇವೆ. ನಮ್ಮ ದೇಶದ ಮೊದಲ ಪ್ರೋಟಾನ್ ಕೇಂದ್ರ 2019ರಲ್ಲಿ ಚೆನ್ನೈನ ಅಪೋಲೋದಲ್ಲಿ ಆರಂಭವಾಯಿತು. 2023ರಲ್ಲಿ ನವಿ ಮುಂಬೈನ ಖಾರ್ಘರದಲ್ಲಿ ಟಾಟಾ ಸ್ಮಾರಕ ಕೇಂದ್ರದವರು ಶುರುಮಾಡಿದರು. ಇದು ಸಾರ್ವಜನಿಕ ಸಂಸ್ಥೆ, ನಮಗೆ ಸೊಲ್ಲಾಪುರ–ಪುಣೆ ದಾರಿ. ಚಿಕಿತ್ಸೆ ಒಂದು ದಿನದ್ದಲ್ಲ, ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ. ಜೊತೆಗಿರುವವರ ಕೂಲಿ, ಕೋಣೆಯ ಬಾಡಿಗೆ, ಊರಲ್ಲಿ ಬಿಟ್ಟುಬಂದ ದನಕರು, ಇವೆಲ್ಲ ಆಸ್ಪತ್ರೆಯ ಬಿಲ್ಲಿನಲ್ಲಿ ಬರುವುದಿಲ್ಲ.

ಅದಕ್ಕೇ ನನ್ನ ಬಿನ್ನಹ ಇಷ್ಟು. ಹೊಲ ಮಾರುವ ಮೊದಲು ವೈದ್ಯರಿಗೆ ಮೂರು ಪ್ರಶ್ನೆ ಕೇಳಿ: ಈ ರೋಗಕ್ಕೆ ಪ್ರೋಟಾನಿನಿಂದ ಲಾಭವೆಂದು ಸಾಬೀತಾಗಿದೆಯೇ? ಸಾಮಾನ್ಯ ವಿಕಿರಣ ಕೊಟ್ಟರೆ ಏನು ಕಡಿಮೆಯಾಗುತ್ತದೆ? ಕಾಯುವುದರಿಂದ ರೋಗ ಬೆಳೆಯುತ್ತದೆಯೇ? ಹೊಸ ಯಂತ್ರದ ಆಸೆಗೆ ಇದ್ದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಹುಬ್ಬಳ್ಳಿ, ಕಲಬುರಗಿ, ಸೊಲ್ಲಾಪುರ, ಬಾರ್ಶಿಗಳಲ್ಲಿ ವಿಕಿರಣ ಚಿಕಿತ್ಸೆ ಸಿಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಲ್ಲಕ್ಕಿಂತ ಮೊದಲು, ತಂಬಾಕು ಗುಟ್ಕಾ ಬಿಡಿ. ಬಾಯಲ್ಲಿ ಬಿಳಿ ಮಚ್ಚೆ ಕಂಡರೆ, ಮೂರು ವಾರವಾದರೂ ಹುಣ್ಣು ಮಾಯದಿದ್ದರೆ ತೋರಿಸಿ. ಅಕ್ಕ-ತಂಗಿಯರೇ, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ನಾಚಿಕೊಂಡು ಮುಚ್ಚಿಡಬೇಡಿ. ಬೇಗ ತೋರಿಸಿದವರಿಗೆ ಹಳೆಯ ಯಂತ್ರವೂ ಸಾಕಾಗಬಹುದು.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಉಸಿರಾಡಿದಾಗ ಶ್ವಾಸಕೋಶದ ಗಡ್ಡೆ ಮೇಲೆ ಕೆಳಗೆ ಸರಿಯುತ್ತದೆ. ಸರಿಯುವ ಗುರಿಗೆ ಕಿರಣ ತಪ್ಪದಂತೆ ಲೆಕ್ಕ ಹಾಕುವುದು ವೈದ್ಯರು, ಭೌತವಿಜ್ಞಾನಿಗಳು, ಸಾಫ್ಟ್‌ವೇರಿನವರು ಸೇರಿ ಮಾಡುವ ಕೆಲಸ. ವಿದೇಶಿ ಯಂತ್ರ ದುಬಾರಿಯೆಂದು ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರು ‘ಭಾಭಾಟ್ರಾನ್’ ಎಂಬ ಕೋಬಾಲ್ಟ್ ಯಂತ್ರ ರೂಪಿಸಿದರು, ಬೆಂಗಳೂರಿನ ಪ್ಯಾನೇಸಿಯಾ ಕಂಪನಿ ಅದನ್ನು ತಯಾರಿಸಿತು. ಪ್ರೋಟಾನ್ ಯಂತ್ರವನ್ನೂ ಹೀಗೆ ಸಣ್ಣದು, ಅಗ್ಗದ್ದು ಮಾಡುವವರು ಬೇಕಾಗಿದ್ದಾರೆ. ಅವರಲ್ಲಿ ಒಬ್ಬರು ಈ ಶಾಲೆಯ ಬೆಂಚಿನಿಂದ ಎದ್ದು ಹೋಗಲಿ.