ಮಾಯಾಬೊಂಬೆಯೂ ಮುಂದಾಳುತನವೂ

(ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿ ಶಾಖೆಗಳ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಖೆಗಳಿಗೆ ಹೊಸ ಮುಂದಾಳುಗಳನ್ನು ಆರಿಸುವ ದಿನ ಹತ್ತಿರ ಬಂದಿದೆ. "ಗಟ್ಟಿಗನೊಬ್ಬ ಸಿಕ್ಕರೆ ಸಾಕು, ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ" ಎಂಬ ಮಾತು ಹೋಟೆಲಿನ ಒಲೆಯ ಮುಂದೆಯೂ ಕಾರ್ಖಾನೆಯ ಗೇಟಿನಲ್ಲಿಯೂ ಕೇಳಿಬರುತ್ತಿದೆ. ಈ ಮಾತನ್ನು ಒಂದು ಸಿನಿಮಾ ಕಥೆಯಿಂದ ಒರೆಹಚ್ಚಿ ನೋಡೋಣ.

ಅದು 'ಪಾತಾಳ ಭೈರವಿ', 1951ರಲ್ಲಿ ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ ತೆಲುಗು ಚಿತ್ರ. 1952ರಲ್ಲಿ ಮುಂಬಯಿಯಲ್ಲಿ ಆರಂಭವಾದ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದರು. ಇಂಥ ಕಥೆಗಳಿಗೂ ನಮಗೂ ನಂಟಿದೆ. ಉದ್ಯಾವರದಲ್ಲಿ ಹುಟ್ಟಿ ಅರಸೀಕೆರೆಯಲ್ಲಿ ಹೋಟೆಲು ನಡೆಸಿದ ಬಿ. ವಿಠ್ಠಲಾಚಾರ್ಯರೇ ಮುಂದೆ ಕನ್ನಡ, ತೆಲುಗುಗಳಲ್ಲಿ ಮಾಯಾಮಂತ್ರದ ಚಿತ್ರಗಳಿಗೆ ಹೆಸರಾದರು.

ಕಥೆ ಹೀಗಿದೆ. ತೋಟಗಾರರ ಮನೆಯ ಹುಡುಗ ರಾಮುಡು ಉಜ್ಜಯಿನಿಯ ರಾಜಕುಮಾರಿಯನ್ನು ಪ್ರೀತಿಸುತ್ತಾನೆ. ನನ್ನಷ್ಟೇ ಐಶ್ವರ್ಯ ತಂದರೆ ಮಗಳನ್ನು ಕೊಡುವೆನೆಂದು ರಾಜ ಹೇಳುತ್ತಾನೆ. ಆಗ ನೇಪಾಳದ ಮಾಂತ್ರಿಕನೊಬ್ಬ ಇವನಿಗೆ ಆಸೆ ತೋರಿಸಿ ಕರೆದೊಯ್ಯುತ್ತಾನೆ. ಬೇಡಿದ್ದನ್ನು ಕೊಡುವ ಬೊಂಬೆಗಾಗಿ ದೇವಿಗೆ ಒಬ್ಬ ಸಾಹಸಿಯನ್ನು ಬಲಿಕೊಡಬೇಕೆಂಬುದು ಅವನ ಸಂಚು.

ಇಲ್ಲಿ ಸ್ವಲ್ಪ ನಿಲ್ಲೋಣ. ಮಾಂತ್ರಿಕನಿಗೆ ಪುಕ್ಕಲ ಬೇಡ, ಧೈರ್ಯವಂತನೇ ಬೇಕು. ನಮ್ಮ ಹುಡುಗರನ್ನೂ "ನೀನು ಧೈರ್ಯಶಾಲಿ, ಮುಂದೆ ನಡೆ" ಎಂದು ಬೆನ್ನು ತಟ್ಟುವವರು ಬಹಳ. ಏಟು ಹುಡುಗನಿಗೆ, ಫಲ ಬೆನ್ನು ತಟ್ಟಿದವನಿಗೆ. ಕರೆದವನು ಯಾರು, ಏತಕ್ಕೆ ಕರೆದ ಎಂದು ವಿಚಾರಿಸುವ ಬುದ್ಧಿ ಧೈರ್ಯದ ಜೊತೆಗಿರಬೇಕು. ರಾಮುಡುವಿಗೆ ಅದಿತ್ತು. ಸಂಚು ತಿಳಿದು ಮಾಂತ್ರಿಕನನ್ನೇ ಬಲಿಕೊಟ್ಟು ಬೊಂಬೆಯನ್ನು ಪಡೆದ.

ಬೊಂಬೆಯಿಂದ ಅರಮನೆ ಎದ್ದಿತು. ಆದರೆ ಶಿಷ್ಯನು ಮಾಂತ್ರಿಕನನ್ನು ಬದುಕಿಸಿದ. ರಾಜನ ಮನೆಯವನೇ ಆದ ಸುರಸೇನ ಸ್ವಂತ ಆಸೆಗೆ ಬಿದ್ದು ಬೊಂಬೆಯನ್ನು ಕದ್ದು ಅವನಿಗೆ ಕೊಟ್ಟ. ಅರಮನೆ ಮಾಯವಾಯಿತು, ರಾಜಕುಮಾರಿಯೂ ಮಾಂತ್ರಿಕನ ವಶವಾದಳು. ರಾಮುಡುವಿಗೆ ಉಳಿದವನು ಗೆಳೆಯ ಅಂಜಿ. ಮಂತ್ರ ತಿಳಿಯದ, ನಗಿಸುವ ಮನುಷ್ಯ. ಮಾಂತ್ರಿಕನ ಗಡ್ಡ ಬೋಳಿಸಿ ಅವನ ಶಕ್ತಿ ಕಳೆಯುವ ಉಪಾಯದಲ್ಲಿ ಕೈಹಾಕಿದವನು ಇವನೇ.

ಈ ಮಾತು ಬರಿಯ ಕಥೆಯಲ್ಲ. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಅವರಲ್ಲಿ ನಮ್ಮವರೂ ಇದ್ದರು. ವರ್ಷ ಕಳೆದರೂ ಒಪ್ಪಂದವಾಗಲಿಲ್ಲ, ಸಾವಿರಾರು ಮಂದಿಯ ಕೆಲಸ ಹೋಯಿತು. 1997ರ ಜನವರಿ 16ರಂದು ಸಾಮಂತರನ್ನು ಗುಂಡಿಟ್ಟು ಕೊಂದರು. ಅವರ ಎದೆಗಾರಿಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಎಷ್ಟೇ ದೊಡ್ಡ ಮುಂದಾಳಾಗಲಿ, ಒಂದು ಬೆಳಗ್ಗೆ ನಮ್ಮ ಕೈತಪ್ಪಬಹುದು. ಅಂದು ಸಂಘ ನಿಲ್ಲುವುದು ಉಳಿದವರ ತಿಳಿವಳಿಕೆಯ ಮೇಲೆ.

ಆದಕಾರಣ ಪ್ರತಿ ಹೋಟೆಲಿನಲ್ಲಿ, ಪ್ರತಿ ಖಾತೆಯಲ್ಲಿ ಪಗಾರದ ಚೀಟಿ, ಹಾಜರಿ ಪುಸ್ತಕ, ಪ್ರಾವಿಡೆಂಟ್ ಫಂಡಿನ ಲೆಕ್ಕ ಓದಬಲ್ಲವರು ಇಬ್ಬರಾದರೂ ಇರಬೇಕು. ಸಂಘದ ಜಮಾ-ಖರ್ಚನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಬೇಕು. ಮಾಲಿಕರ ಬಳಿಗೆ ಹೋಗುವಾಗ ಮುಂದಾಳು ಒಬ್ಬನೇ ಹೋಗಬಾರದು. ಪ್ರತಿ ಸಲವೂ ಹೊಸಬನೊಬ್ಬನನ್ನು ಜೊತೆಗೆ ಕರೆದೊಯ್ಯಬೇಕು.

ಬಂಧುಗಳೇ, ಅಭ್ಯರ್ಥಿಗಳು ನಿಮ್ಮ ಖೋಲಿಗೆ ಬಂದಾಗ ಚಹ ಕೊಟ್ಟು ಕೂರಿಸಿ, ಒಂದು ಪ್ರಶ್ನೆ ಕೇಳಿರಿ: "ಅಣ್ಣಾ, ನಾಳೆ ನೀವಿಲ್ಲದಿದ್ದರೆ ಈ ಕೆಲಸ ನಡೆಸಲು ಯಾರಿಗೆ ಕಲಿಸಿದ್ದೀರಿ?" ಹೆಸರು ಹೇಳಬಲ್ಲವರಿಗೆ ನಿಮ್ಮ ಮತ ಕೊಡಿರಿ.